ಸೊಂಡ್ಲು: ಮೂಗಿನ ಅಡ್ಡಹೆಸರೊಂದರ ಹಿಂದೆ ಮುಂದೆ

ನಮ್ಮ ಹಾಸನ ಸೀಮೆಯ ಆಡುಮಾತಿನಲ್ಲಿ ಮೂಗಿಗೊಂದು ಅಡ್ಡಹೆಸರಿದೆ. ಬರೆಯುವಾಗ ಅದು ಸೊಂಡಿಲು. ಬಾಯಲ್ಲಿ ನಡುವಿನ ಇಕಾರ ಬಿದ್ದುಹೋಗಿ ಸೊಂಡ್ಲು. ನೆಗಡಿ ಹಿಡಿದು ಅಂಗಿಯ ತೋಳಿಗೆ ಮೂಗು ತಿಕ್ಕುತ್ತ ನಿಂತ ಹುಡುಗನಿಗೆ ‘ಸೊಂಡ್ಲು ಒರೆಸ್ಕೊಳೋ’ ಎಂದು ತಾಯಿ ಗದರುತ್ತಾಳೆ. ಅಣ್ಣತಮ್ಮಂದಿರ ಪಾಲಿನ ಮಾತು ನಡೆಯುತ್ತಿರುವಾಗ ನಡುವೆ ಬಂದು ಕೂತವನಿಗೆ ‘ನಿನ್ ಸೊಂಡ್ಲು ಇಲ್ಲಿ ಚಾಚ್ಬೇಡ’ ಎಂದು ಹಿರಿಯರು ಹೇಳುತ್ತಾರೆ. ಒಲೆಯ ಮೇಲೆ ಕೋಳಿಸಾರು ಕುದಿಯುವ ಹೊತ್ತಿಗೆ ಸರಿಯಾಗಿ ಬಾಗಿಲಿಗೆ ಬಂದ ನೆಂಟನನ್ನು ಕಂಡು ‘ಇವ್ನ ಸೊಂಡ್ಲಿಗೆ ಅದ್ಹೆಂಗೆ ವಾಸ್ನೆ ಬಡೀತದೋ’ ಎಂದು ಒಳಮನೆಯಲ್ಲಿ ನಗುತ್ತಾರೆ. ಈ ಮೂರು ಮಾತಿನಲ್ಲೂ ಆನೆಯ ಪ್ರಸ್ತಾಪವಿಲ್ಲ. ಆದರೂ ಮೊದಲನೆಯದರಲ್ಲಿ ಸೊಂಡಿಲಿನ ಆಕಾರವೂ, ಎರಡನೆಯದರಲ್ಲಿ ಅದರ ಚಾಚುವಿಕೆಯೂ, ಮೂರನೆಯದರಲ್ಲಿ ಅದರ ಘ್ರಾಣಶಕ್ತಿಯೂ ಮನುಷ್ಯನ ಮುಖದ ಮೇಲೆ ಬಂದು ಕುಳಿತಿವೆ. ಒಂದೇ ಪದ ಹೀಗೆ ಮೂರು ದಿಕ್ಕಿನಲ್ಲಿ ಕೆಲಸ ಮಾಡುವುದನ್ನು ಕೇಳುತ್ತ ಬೆಳೆದವನಾದ್ದರಿಂದ, ಅದನ್ನು ಕೇವಲ ಗ್ರಾಮ್ಯವೆಂದು ಬದಿಗೆ ಸರಿಸುವುದು ನನಗೆ ಸಾಧ್ಯವಾಗಿಲ್ಲ. ಪ್ರಾಣಿಯ ಮೂಗಿನ ಹೆಸರನ್ನು ತಂದು ಮನುಷ್ಯನ ಮೂಗಿಗೆ ಇಡುವುದು ಭಾಷೆಯ ಬಹಳ ಹಳೆಯ ಅಭ್ಯಾಸ. ನಿಘಂಟಿನಲ್ಲಿ ಇಂದು ಗೌರವದಿಂದ ಕುಳಿತಿರುವ ಎಷ್ಟೋ ಪದಗಳು ಒಂದು ಕಾಲದಲ್ಲಿ ಇದೇ ದಾರಿಯಲ್ಲಿ ನಡೆದು ಬಂದವು ಎಂಬುದು ನನ್ನ ನಂಬಿಕೆ.

ಮೊದಲು ‘ಮೂಗು’ ಎಂಬ ಪದವನ್ನೇ ನೋಡಬೇಕು. ಇದು ಅಚ್ಚ ದ್ರಾವಿಡ ಪದ. ತಮಿಳು ಮತ್ತು ಮಲಯಾಳದಲ್ಲಿ ಮೂಕ್ಕು, ತೆಲುಗಿನಲ್ಲಿ ಮುಕ್ಕು, ತುಳುವಿನಲ್ಲಿ ಮೂಂಕು. ಕನ್ನಡವು ಕಕಾರವನ್ನು ಸಡಿಲಗೊಳಿಸಿ ಗಕಾರವಾಗಿಸಿಕೊಂಡಿತು. ಗಮನಿಸಬೇಕಾದ ಸಂಗತಿಯೆಂದರೆ ತಮಿಳಿನಲ್ಲೂ ತೆಲುಗಿನಲ್ಲೂ ಈ ಪದಕ್ಕೆ ಮನುಷ್ಯನ ಮೂಗು ಎಂಬ ಅರ್ಥದ ಜೊತೆಗೆ ಹಕ್ಕಿಯ ಕೊಕ್ಕು ಎಂಬ ಅರ್ಥವೂ ಇದೆ. ಅಲ್ಲಿ ಗಿಳಿಗೂ ಮನುಷ್ಯನಿಗೂ ಇರುವುದು ಒಂದೇ ಮೂಕ್ಕು, ಒಂದೇ ಮುಕ್ಕು. ಕನ್ನಡ ಮಾತ್ರ ಹಕ್ಕಿಗೆ ಕೊಕ್ಕು, ಹಂದಿ ನಾಯಿಗಳಿಗೆ ಮೂತಿ, ಆನೆಗೆ ಸೊಂಡಿಲು, ಮನುಷ್ಯನಿಗೆ ಮೂಗು ಎಂದು ಪಾಲು ಹಂಚಿತು. ಪಾಲು ಹಂಚಿದ ಮೇಲೆ ಒಬ್ಬರ ಸ್ವತ್ತನ್ನು ಇನ್ನೊಬ್ಬರ ಅಂಗಳಕ್ಕೆ ಒಯ್ದಾಗ ಅದಕ್ಕೊಂದು ವಿಶೇಷ ಅರ್ಥ ಬರುತ್ತದೆ. ತಮಿಳರು ಮನುಷ್ಯನ ಮೂಗನ್ನು ಮೂಕ್ಕು ಎಂದರೆ ಅದರಲ್ಲಿ ಯಾವ ಹಾಸ್ಯವೂ ಇಲ್ಲ. ನಾವು ಮನುಷ್ಯನ ಮೂಗನ್ನು ಕೊಕ್ಕು ಎಂದರೆ, ಸೊಂಡಿಲು ಎಂದರೆ, ಕೇಳಿದವರು ತಲೆಯೆತ್ತಿ ಆ ಮುಖವನ್ನು ಇನ್ನೊಮ್ಮೆ ನೋಡುತ್ತಾರೆ.

ಸೊಂಡಿಲು ಪದದ ಬೇರು ಸಂಸ್ಕೃತದ ‘ಶುಂಡಾ’ ಎಂಬ ಪದದೊಂದಿಗೆ ಹೆಣೆದುಕೊಂಡಿದೆ. ಶುಂಡಾ ಎಂದರೆ ಆನೆಯ ಸೊಂಡಿಲು. ಅದನ್ನು ಉಳ್ಳದ್ದು ಶುಂಡಾಲ, ಅಂದರೆ ಆನೆ. ಪಾಲಿ ಮತ್ತು ಪ್ರಾಕೃತಗಳಲ್ಲಿ ಶಕಾರ ಸಕಾರವಾಗಿ, ಉಕಾರ ಒಕಾರವಾಗಿ ‘ಸೊಂಡಾ’ ಎಂಬ ರೂಪ ದೊರೆಯುತ್ತದೆ. ಹಿಂದಿಯಲ್ಲಿ ಅದು ಸೂಂಡ್. ಕನ್ನಡದಲ್ಲಿ ಸುಂಡಿಲು, ಸೊಂಡಿಲು ಎಂಬ ಎರಡೂ ರೂಪಗಳಿದ್ದು, ನಮ್ಮ ನಾಲಿಗೆಯಲ್ಲಿ ಉಳಿದಿರುವುದು ಪ್ರಾಕೃತಕ್ಕೆ ಹತ್ತಿರವಾದ ಒಕಾರದ ರೂಪ. ಶುಂಠಿಯ ವಿಷಯದಲ್ಲೂ ಹೀಗೇ ಆಗಿದೆ. ಈಗ ಜಿಲ್ಲೆಯ ಹೊಲಗಳಲ್ಲಿ ಎಲ್ಲೆಂದರಲ್ಲಿ ಬೆಳೆಯುವ ಶುಂಠಿಯನ್ನು ಎಲ್ಲರೂ ಶುಂಠಿ ಎಂದೇ ಕರೆಯುತ್ತಾರಾದರೂ, ಮನೆಮದ್ದಿನ ಡಬ್ಬಿಯಲ್ಲಿಟ್ಟ ಒಣಶುಂಠಿಗೆ ಹಿಂದಿನವರು ಸೊಂಠಿ ಎನ್ನುತ್ತಿದ್ದರು. ಶುಂಠಿ ಸೊಂಠಿಯಾದ ದಾರಿಯಲ್ಲೇ ಶುಂಡಾ ಸೊಂಡಿಲೂ ಆಗಿದೆ. ಪ್ರಾಕೃತವೆಂದರೆ ನಮ್ಮ ಜಿಲ್ಲೆಗೆ ದೂರದ ಭಾಷೆಯೇನೂ ಅಲ್ಲ. ಚಾವುಂಡರಾಯ 981ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಶ್ರವಣಬೆಳಗೊಳದಲ್ಲಿ ಜೈನ ಮುನಿಗಳು ಶತಮಾನಗಳ ಕಾಲ ಓದಿ ಬರೆದ ಭಾಷೆ ಅದು. ಸಂಸ್ಕೃತದಲ್ಲಿ ಶುಂಡಾ ಎಂಬುದಕ್ಕೆ ಮದ್ಯ ಎಂಬ ಇನ್ನೊಂದು ಅರ್ಥವೂ ಇದ್ದು, ಹೆಂಡ ಮಾರುವವನನ್ನು ಶೌಂಡಿಕ ಎಂದು ಕರೆಯುತ್ತಿದ್ದರು. ಕನ್ನಡದ ಸೊಂಡಿಲು ಆ ಕವಲಿನ ಕಡೆಗೆ ಹೋಗಲಿಲ್ಲ.

ಇದೇ ಕುಟುಂಬದಲ್ಲಿ ಸೇರಿಸಬಹುದಾದ ಇನ್ನೊಂದು ಪದ ನಮ್ಮ ಅಟ್ಟದ ಮೇಲೆ ಓಡಾಡುತ್ತದೆ. ರಾತ್ರಿಯ ಹೊತ್ತು ಗೋಡೆಯ ಬುಡ ಹಿಡಿದು ಕೀಚುಗುಟ್ಟುತ್ತ ಹೋಗುವ, ಮೈಯಿಂದ ಘಾಟು ವಾಸನೆ ಬೀರುವ, ಉದ್ದ ಚೂಪು ಮೂಗಿನ ಆ ಪುಟ್ಟ ಪ್ರಾಣಿಯನ್ನು ಸೊಂಡಿಲಿ ಎನ್ನುತ್ತೇವೆ; ಸುಂಡಿಲಿ ಎನ್ನುವವರೂ ಇದ್ದಾರೆ, ಮೂಗಿಲಿ ಎನ್ನುವವರೂ ಇದ್ದಾರೆ. ಪ್ರಾಣಿಶಾಸ್ತ್ರದ ಪ್ರಕಾರ ಅದು ಇಲಿಯೇ ಅಲ್ಲ, ಹುಳುಹುಪ್ಪಟೆ ತಿನ್ನುವ ಬೇರೆಯೇ ಜಾತಿ. ಆದರೆ ಹೆಸರಿಟ್ಟವರ ಕಣ್ಣಿಗೆ ಮೊದಲು ಬಿದ್ದದ್ದು ಅದರ ಮೂಗು. ದೊಡ್ಡ ಮೂಗಿನ ಹುಡುಗರಿಗೆ ಸೊಂಡಿಲು ಎಂಬ ಹೆಸರಾದರೆ, ಚೂಪು ಮೂಗಿನವರಿಗೆ ಸೊಂಡಿಲಿ ಎಂಬ ಹೆಸರು ನಮ್ಮ ಕಡೆ ಸಲ್ಲುತ್ತದೆ.

ಆನೆಯ ಆ ಅಂಗವನ್ನು ಮೂಗು ಎಂದು ನೋಡಬೇಕೋ ಕೈ ಎಂದು ನೋಡಬೇಕೋ ಎಂಬ ವಿಷಯದಲ್ಲಿ ಭಾಷೆಗಳು ಒಂದೇ ತೀರ್ಮಾನಕ್ಕೆ ಬಂದಿಲ್ಲ. ಸಂಸ್ಕೃತದಲ್ಲಿ ಹಸ್ತ ಉಳ್ಳದ್ದು ಹಸ್ತಿ, ಕರ ಉಳ್ಳದ್ದು ಕರಿ; ಆನೆಯ ಹೆಸರೇ ಕೈಯಿಂದ ಬಂದದ್ದು. ತಮಿಳಿನ ತುಂಬಿಕ್ಕೈ, ತುದಿಕ್ಕೈ ಎಂಬ ಪದಗಳಲ್ಲೂ ಕೈ ಸೇರಿಕೊಂಡಿದೆ. ಆನೆ ತನ್ನ ಸೊಂಡಿಲಿನಿಂದ ಹಿಡಿಯುತ್ತದೆ, ಎತ್ತುತ್ತದೆ, ಮುರಿಯುತ್ತದೆ, ಮರಿಯನ್ನು ಸವರುತ್ತದೆ. ಇವೆಲ್ಲ ಕೈಯ ಕೆಲಸಗಳೇ. ಶರೀರರಚನೆಯ ದೃಷ್ಟಿಯಿಂದ ಅದು ಮೂಗು ಮತ್ತು ಮೇಲ್ತುಟಿ ಒಂದಾಗಿ ಬೆಳೆದ ಅಂಗ; ಅದರಲ್ಲಿ ಎಲುಬಿಲ್ಲ, ಉದ್ದಕ್ಕೂ ಎರಡು ಹೊಳ್ಳೆಗಳು ಹಾದುಹೋಗಿವೆ. ನಮ್ಮ ಏಷ್ಯಾದ ಆನೆಗೆ ಸೊಂಡಿಲ ತುದಿಯಲ್ಲಿ ಬೆರಳಿನಂಥ ಒಂದು ಚಾಚಿಕೆಯಿದ್ದರೆ, ಆಫ್ರಿಕಾದ ಆನೆಗೆ ಅಂಥವು ಎರಡು. ವಾಸನೆಯ ವಿಷಯಕ್ಕೆ ಬಂದರೆ, ವಾಸನೆಯನ್ನು ಗ್ರಹಿಸುವ ವಂಶವಾಹಿಗಳು ಮನುಷ್ಯನಲ್ಲಿ ಸುಮಾರು 400 ಇದ್ದರೆ ಆಫ್ರಿಕಾದ ಆನೆಯಲ್ಲಿ ಸುಮಾರು 2000 ಇವೆಯೆಂದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ನಾಯಿಯಲ್ಲಿರುವುದಕ್ಕಿಂತಲೂ ಅದು ಎರಡು ಪಟ್ಟು ಹೆಚ್ಚು. ಹೀಗೆ ಕೈಯೂ ಆಗಿರುವ, ಮೂಗೂ ಆಗಿರುವ ಅಂಗದ ಹೆಸರನ್ನು ಮನುಷ್ಯನ ಮೂಗಿಗೆ ತಂದಾಗ, ಅದರೊಂದಿಗೆ ಕೈಯ ಗುಣವೂ ಬಂದುಬಿಟ್ಟಿತು. ಈ ಅಡ್ಡಹೆಸರಿನ ನಿಜವಾದ ಬಲವಿರುವುದು ಇಲ್ಲಿ ಎಂದು ನನಗೆ ತೋರುತ್ತದೆ.

ಒಬ್ಬ ವ್ಯಕ್ತಿ ತನಗೆ ಸಂಬಂಧವಿಲ್ಲದ ವಿಷಯದಲ್ಲಿ ಮೂಗು ತೂರಿಸಿದನೆಂದರೆ ಅವನು ವಿಚಾರಿಸಿದ, ಕೆದಕಿದ, ಕಿವಿಗೊಟ್ಟ, ಬಿಟ್ಟಿ ಸಲಹೆ ಕೊಟ್ಟ ಎಂದಷ್ಟೇ ಅರ್ಥ. ಅವನೇ ಸೊಂಡಿಲು ಚಾಚಿದನೆಂದರೆ ಅಲ್ಲಿಂದ ಏನನ್ನೋ ಎಳೆದುಕೊಳ್ಳುವ ಉದ್ದೇಶವೂ ಅವನಿಗಿದೆ ಎಂದಾಗುತ್ತದೆ. ಪಕ್ಕದ ತೋಟದ ಗಡಿ ಕಲ್ಲನ್ನು ವರ್ಷ ವರ್ಷವೂ ಒಂದಿಷ್ಟು ಸರಿಸುವವನು ಸೊಂಡಿಲು ಚಾಚುವವನೇ ಹೊರತು ಮೂಗು ತೂರಿಸುವವನಲ್ಲ. ಊರ ಕೆರೆಯ ಕೆಲಸಕ್ಕೆ ಬಂದ ಹಣದ ಸುಳಿವು ಹಿಡಿದು ಮೊದಲು ವಾಸನೆ ನೋಡಿ, ಆಮೇಲೆ ಕೈಯಿಟ್ಟವನ ಬಗ್ಗೆ ‘ಅಲ್ಲಿಗೂ ಸೊಂಡ್ಲು ಹಾಕ್ದ’ ಎಂದು ಚಹಾದಂಗಡಿಯ ಬೆಂಚಿನ ಮೇಲೆ ಕುಳಿತವರು ಹೇಳುವಾಗ, ವಾಸನೆ ಹಿಡಿದದ್ದೂ ಕಬಳಿಸಿದ್ದೂ ಎರಡೂ ಆ ಒಂದೇ ಪದದಲ್ಲಿ ಅಡಗಿರುತ್ತವೆ. ಬೇರೆ ಪದದಿಂದ ಇದನ್ನು ಹೇಳಬೇಕಾದರೆ ಎರಡು ವಾಕ್ಯ ಬೇಕು. ಸ್ವಾರಸ್ಯಕ್ಕಾಗಿ ಹುಟ್ಟಿದ ಪದ ಹೀಗೆ ಅಗತ್ಯಕ್ಕಾಗಿ ಉಳಿದುಕೊಂಡಿದೆ.

ಆ ಪದ ನಮ್ಮಲ್ಲಿ ಇಷ್ಟು ಚೆನ್ನಾಗಿ ಬೇರೂರಲು ಇನ್ನೊಂದು ಕಾರಣವೂ ಇದೆ. ನಮಗೆ ಸೊಂಡಿಲು ಚಿತ್ರಪಟದಲ್ಲಿ ಕಂಡ ವಸ್ತುವಲ್ಲ. ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳ ಕಾಫಿ ತೋಟಗಳಲ್ಲಿ ಕಾಡಾನೆಗಳ ಓಡಾಟ ದಿನನಿತ್ಯದ ಸಂಗತಿಯಾಗಿದೆ. 2023ರ ಗಣತಿಯಂತೆ ಕರ್ನಾಟಕದಲ್ಲಿ 6,395 ಆನೆಗಳಿದ್ದವು, ದೇಶದಲ್ಲೇ ಅತಿ ಹೆಚ್ಚು. ಅವುಗಳಲ್ಲಿ ಒಂದು ಪಾಲು ನಮ್ಮ ತೋಟಗಳ ನೆರಳಿನಲ್ಲೇ ಬದುಕುತ್ತಿದೆ. ಹಲಸು ಹಣ್ಣಾಗುವ ಕಾಲಕ್ಕೆ ಅವು ಬರುವ ದಾರಿಯನ್ನು ತೋಟದವರು ಹೇಳಬಲ್ಲರು. ನಮ್ಮ ನೆಂಟರ ತೋಟವೊಂದರಲ್ಲಿ ಆನೆ ಹಲಸಿನ ಹಣ್ಣು ಕೀಳುವುದನ್ನು ಮಹಡಿಯ ಕಿಟಕಿಯಿಂದ ನೋಡಿದ್ದೇನೆ. ಅದು ಸೊಂಡಿಲನ್ನು ಮೇಲೆತ್ತಿ, ಮೊದಲ ಹಣ್ಣಿನ ಮೇಲೆ ತುದಿಯನ್ನು ಇಟ್ಟೂ ಇಡದಂತೆ ಆಡಿಸಿ, ಅದನ್ನು ಬಿಟ್ಟು ಪಕ್ಕದ ಹಣ್ಣಿಗೆ ಹೋಯಿತು. ಅಲ್ಲಿ ತುಸು ಹೊತ್ತು ನಿಂತು, ತೊಟ್ಟಿನ ಸುತ್ತ ಸೊಂಡಿಲನ್ನು ಸುತ್ತಿ ಒಮ್ಮೆ ತಿರುಚಿತು. ಬೆಳಗಾದ ಮೇಲೆ ಹೋಗಿ ನೋಡಿದರೆ ಬಿಟ್ಟುಹೋದ ಹಣ್ಣು ಇನ್ನೂ ಗಟ್ಟಿಕಾಯಿ. ಮರದ ಕಾಂಡದ ಮೇಲೆ ಆಳೆತ್ತರಕ್ಕಿಂತ ಮೇಲೆ ಹಸಿ ಕೆಸರಿನ ಒಂದು ಪಟ್ಟೆ, ಅದರ ನಡುವೆ ಸೊಂಡಿಲಿನ ಚರ್ಮದ ಅಡ್ಡಗೆರೆಗಳು ಅಚ್ಚೊತ್ತಿದಂತೆ ಮೂಡಿದ್ದವು. ಮಾವಿನ ಹಣ್ಣನ್ನು ಮೂಸಿ ಮೂಸಿ ಆರಿಸುವ ಗಿರಾಕಿಗೆ ಸೋಮವಾರದ ಸಂತೆಯಲ್ಲಿ ‘ಏನ್ ಸೊಂಡ್ಲಪ್ಪ’ ಎಂದು ಹೇಳುವ ಹೆಂಗಸಿನ ಮಾತು ಇಂಥ ನೋಟಗಳಿಂದ ಬಂದದ್ದೇ ಹೊರತು ಕಲ್ಪನೆಯಿಂದ ಬಂದದ್ದಲ್ಲ.

ಆದರೆ ತೋಟದ ಕೂಲಿಗೆ ಹೋದವರು ಆನೆಯ ಕಾಲಿಗೆ ಸಿಕ್ಕಿ ಸತ್ತ ಸುದ್ದಿ ಬಂದ ದಿನಗಳಲ್ಲಿ ಈ ಪದ ಮನುಷ್ಯರ ಮೂಗಿಗೆ ಬಳಕೆಯಾಗುವುದಿಲ್ಲ. 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯ ನಡುವೆ, ಮೈಸೂರು ದಸರೆಯಲ್ಲಿ ವರ್ಷಗಳ ಕಾಲ ಅಂಬಾರಿ ಹೊತ್ತಿದ್ದ ಅರ್ಜುನ ಕಾಡಾನೆಯೊಂದಿಗೆ ಕಾದಾಡಿ ಮಡಿದಾಗಲೂ ಹಾಗೆಯೇ ಆಯಿತು. ಜನ ಸೊಂಡಿಲಿನ ಮಾತನ್ನು ಆನೆಗೇ ಬಿಟ್ಟುಕೊಟ್ಟರು. ತಮಾಷೆಯ ಪದವೊಂದು ಯಾವಾಗ ಬಾಯಿಗೆ ಬರಬಾರದು ಎಂಬುದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಆದರೂ ಅದು ಎಲ್ಲರಿಗೂ ತಿಳಿದಿರುತ್ತದೆ.

ಪ್ರಾಣಿಯಿಂದ ಮನುಷ್ಯನಿಗೆ ಬಂದ ಮುಖದ ಪದಗಳಲ್ಲಿ ಸೊಂಡಿಲು ಒಂದೇ ಅಲ್ಲ. ಮೂತಿ ಇದೆ, ಮುಸುಡಿ ಇದೆ. ಮೂತಿ ಎಂದರೆ ಪ್ರಾಣಿಯ ಮುಂಚಾಚಿದ ಮೂಗುಬಾಯಿಯ ಭಾಗ. ತೆಲುಗಿನಲ್ಲಿ ಅದೇ ಪದಕ್ಕೆ ಬಾಯಿ ಎಂಬ ಅರ್ಥವಿದೆ. ನಮ್ಮಲ್ಲಿ ಮೂತಿ ತಿರುವುವುದು, ಮೂತಿ ಉಬ್ಬಿಸುವುದು, ಮೂತಿಗೆ ತಿವಿಯುವುದು ಎಂದು ಅದು ಮುಖಕ್ಕೆಲ್ಲ ಹರಡಿಕೊಂಡಿದೆ. ಈ ಪದಗಳ ಖಾರದಲ್ಲಿ ವ್ಯತ್ಯಾಸವಿರುವುದನ್ನು ಗಮನಿಸಬೇಕು. ‘ನಿನ್ ಮುಸುಡಿಗಿಷ್ಟು’ ಎಂದರೆ ಜಗಳ ಶುರುವಾಯಿತೆಂದೇ ಅರ್ಥ. ಮೂತಿ ಎಂಬುದರಲ್ಲಿ ಸಿಟ್ಟೂ ಇರಬಹುದು, ಸಲಿಗೆಯೂ ಇರಬಹುದು. ಸೊಂಡಿಲಿನಲ್ಲಿ ಸಿಟ್ಟು ಬಹಳ ಕಡಿಮೆ. ಹಂದಿ ನಾಯಿಗಳ ಬಗ್ಗೆ ನಮಗಿರುವ ತಾತ್ಸಾರ ಮೂತಿಗೂ ಮುಸುಡಿಗೂ ಅಂಟಿಕೊಂಡರೆ, ಆನೆಯ ಬಗ್ಗೆ ನಮಗಿರುವ ಬೆರಗು ಸೊಂಡಿಲಿಗೆ ಅಂಟಿಕೊಂಡಿತು. ಭಾದ್ರಪದ ಶುಕ್ಲ ಚೌತಿಯಂದು ಮಣೆಯ ಮೇಲೆ ಕೂರಿಸಿ ಕಡುಬು ನೈವೇದ್ಯ ಮಾಡುವ ದೇವರ ಮುಖದಲ್ಲಿರುವುದೂ ಅದೇ ಸೊಂಡಿಲು ತಾನೆ.

ಆ ದೇವರನ್ನು ನಾವು ವಕ್ರತುಂಡ ಎಂದು ಕರೆಯುತ್ತೇವೆ. ತುಂಡ ಎಂಬ ಸಂಸ್ಕೃತ ಪದಕ್ಕೆ ಕೊಕ್ಕು, ಮೂತಿ, ಸೊಂಡಿಲು ಎಂಬ ಅರ್ಥಗಳಿವೆ. ಅಮರಕೋಶ ಇದೇ ಪದವನ್ನು ವಕ್ತ್ರ, ಆಸ್ಯ, ವದನ, ಆನನಗಳ ಸಾಲಿನಲ್ಲಿ, ಮನುಷ್ಯನ ಬಾಯಿಯ ಹೆಸರುಗಳ ನಡುವೆ ಕೂರಿಸಿದೆ. ಮೂಗಿನ ಪರ್ಯಾಯ ಪದಗಳನ್ನು ಹೇಳುವಾಗ ಅದೇ ಕೋಶ ಘ್ರಾಣ, ಗಂಧವಹಾ, ಘೋಣಾ, ನಾಸಾ, ನಾಸಿಕಾ ಎನ್ನುತ್ತದೆ. ಈ ಘೋಣಾ ಮತ್ತೆ ಕುದುರೆಯ ಅಂಗಗಳನ್ನು ಹೇಳುವಲ್ಲಿ ಕುದುರೆಯ ಮೂಗಾಗಿ ಕಾಣಿಸಿಕೊಳ್ಳುತ್ತದೆ; ಕಾಡುಹಂದಿಯ ಹೆಸರುಗಳಲ್ಲಿ ಘೋಣೀ ಎಂಬುದೂ ಒಂದು, ಅಂದರೆ ಘೋಣ ಉಳ್ಳದ್ದು. ಹಂದಿ ಕುದುರೆಗಳ ಮೂತಿಗೆ ಸಲ್ಲುವ ಪದ ಮನುಷ್ಯನ ಮೂಗಿಗೂ ಸಂದು, ಶ್ಲೋಕದ ಛಂದಸ್ಸಿನೊಳಗೆ ನಾಸಿಕದ ಪಕ್ಕದಲ್ಲೇ ಜಾಗ ಪಡೆದಿದೆ. ಮಕ್ಕಳು ಆ ಶ್ಲೋಕವನ್ನು ಬಾಯಿಪಾಠ ಮಾಡುವಾಗ ಯಾರೂ ಅವರನ್ನು ತಡೆದು ‘ಇದು ಒರಟು ಮಾತು’ ಎಂದು ಹೇಳಲಿಲ್ಲ. ಸೊಂಡ್ಲು ಎಂದರೆ ಮಾತ್ರ ನಾಲಿಗೆ ತಿದ್ದಲು ಹೊರಡುವ ಶಿಷ್ಟರಿಗೆ ಈ ಎರಡು ಪದಗಳನ್ನು ತೋರಿಸಬೇಕೆಂದು ನನಗೆ ಅನೇಕ ಸಲ ಅನ್ನಿಸಿದೆ.

ಬೇರೆ ದೇಶಗಳ ಜನರೂ ಇದೇ ಕೆಲಸ ಮಾಡಿದ್ದಾರೆ. ಜರ್ಮನ್ ಭಾಷೆಯಲ್ಲಿ ‘ರ್ಯೂಸೆಲ್’ ಎಂದರೆ ಆನೆಯ ಸೊಂಡಿಲು, ಹಂದಿಯ ಮೂತಿ, ಮತ್ತು ಸಲಿಗೆಯ ಮಾತಿನಲ್ಲಿ ಮನುಷ್ಯನ ಮೂಗು. ನಮ್ಮ ಸೊಂಡ್ಲಿಗೆ ಇದಕ್ಕಿಂತ ಹತ್ತಿರದ ಜೋಡಿ ಸಿಗಲಾರದು. ಇಂಗ್ಲಿಷರು ಕೊಕ್ಕಿನ ಅರ್ಥದ ‘ಬೀಕ್’, ಮೂತಿಯ ಅರ್ಥದ ‘ಸ್ನೌಟ್’ ಪದಗಳನ್ನು ಮೂಗಿಗೆ ಹೇಳುತ್ತಾರೆ. ಅಮೆರಿಕದಲ್ಲಿ ಬಳಕೆಯಲ್ಲಿರುವ ‘ಷ್ನೋಜ್’ ಎಂಬ ಪದ ಯೂರೋಪಿನ ಯಹೂದಿಗಳ ಯಿಡ್ಡಿಷ್ ಭಾಷೆಯಲ್ಲಿ ಮೂತಿ ಎಂಬರ್ಥವಿರುವ ಪದದಿಂದ ಬಂತೆಂದು ನಿಘಂಟುಕಾರರು ಹೇಳುತ್ತಾರೆ. ಜಿಮ್ಮಿ ಡ್ಯುರಾಂಟಿ ಎಂಬ ಹೆಸರಾಂತ ಹಾಸ್ಯನಟ ತನ್ನ ದೊಡ್ಡ ಮೂಗಿನ ಕಾರಣದಿಂದ ‘ಷ್ನೋಜೋಲಾ’ ಎಂದೇ ಪ್ರಸಿದ್ಧನಾಗಿದ್ದ. ವಲಸೆ ಹೋದವರ ಮನೆಮಾತೊಂದು ದೇಶದ ಎಲ್ಲರ ಮಾತಾದದ್ದು ಹೀಗೆ.

ಈಗ ಸೊಂಡಿಲು ಎಲ್ಲೆಲ್ಲಿ ಮೂಗಿನ ಜಾಗದಲ್ಲಿ ನಿಲ್ಲಲಾರದು ಎಂಬುದನ್ನೂ ನೋಡಬೇಕು, ಏಕೆಂದರೆ ಪದದ ಸ್ವಭಾವ ತಿಳಿಯುವುದು ಅಲ್ಲಿಯೇ. ಕನ್ನಡದ ನುಡಿಗಟ್ಟುಗಳಲ್ಲಿ ಮೂಗು ಎಂದರೆ ಬಹುತೇಕ ಮಾನ. ಶೂರ್ಪನಖಿಯ ಕಥೆಯಿಂದ ಹಿಡಿದು ಇಂದಿನ ಪಂಚಾಯಿತಿಕಟ್ಟೆಯವರೆಗೆ ಮೂಗು ಹೋಯಿತೆಂದರೆ ಮಾನ ಹೋಯಿತೆಂದು ಅರ್ಥ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಬಾರದು ಎಂಬ ಗಾದೆಯನ್ನು ಸೊಂಡಿಲಿನಿಂದ ಹೇಳಿ ನೋಡಿ, ನಿಲ್ಲುವುದಿಲ್ಲ. ‘ಮೂಗಿಗಿಂತ ಮೂಗುತಿ ಭಾರ’ ಎಂಬಲ್ಲೂ ನಿಲ್ಲುವುದಿಲ್ಲ, ಏಕೆಂದರೆ ಮೂಗುತಿಗೆ ಇರುವ ಮಂಗಳದ ಅರ್ಥವನ್ನು ಸೊಂಡಿಲು ಹೊರಲಾರದು. ಮೂಗಿನ ಮೇಲೆ ಬೆರಳಿಟ್ಟು ಬೆರಗಾಗುವುದು, ಮೂಗಿನ ತುದಿಯಲ್ಲಿ ಕೋಪವಿರುವುದು, ತನ್ನ ಮೂಗಿನ ನೇರಕ್ಕೆ ನ್ಯಾಯ ಹೇಳುವುದು, ಮೂಗುದಾರ ಹಾಕಿ ಹತೋಟಿಗೆ ತರುವುದು, ಇವೆಲ್ಲ ಮೂಗಿಗೇ ಮೀಸಲು. ಅವುಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಮೂಗಿಗೆ ತುಪ್ಪ ಸವರುವುದು. ತುಪ್ಪದ ಪರಿಮಳ ಬರುತ್ತಿದೆ, ಆದರೆ ನಾಲಿಗೆಗೆ ಎಟುಕುವುದಿಲ್ಲ. ಕೊಡುವ ಮನಸ್ಸಿಲ್ಲದವರು ಕೊಟ್ಟೇವೆಂದು ನಂಬಿಸುವುದನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ನುಡಿಗಟ್ಟು ನನಗೆ ಗೊತ್ತಿಲ್ಲ. ಸೊಂಡಿಲಿಗೆ ತುಪ್ಪ ಸವರಿದರೆ ಈ ಅರ್ಥವೇ ಕುಸಿದುಬೀಳುತ್ತದೆ, ಏಕೆಂದರೆ ಆನೆ ಸೊಂಡಿಲನ್ನು ಮಡಿಸಿ ಬಾಯಿಗಿಟ್ಟುಕೊಳ್ಳಬಲ್ಲದು. ಮಾನವೂ ಆಸೆಯೂ ಮೂಗಿನ ಪಾಲಿಗೆ ಉಳಿದವು; ಹಸಿವು, ಕುತೂಹಲ, ಕಬಳಿಕೆಗಳು ಸೊಂಡಿಲಿಗೆ ಹೋದವು.

ಮೂಗ ಎಂಬ ಪದವನ್ನು ಮೂಗಿನೊಂದಿಗೆ ಸೇರಿಸುವವರಿದ್ದಾರೆ. ಅದು ಮಾತು ಬಾರದವನೆಂಬ ಅರ್ಥದ ಸಂಸ್ಕೃತದ ಮೂಕದ ಕಡೆಯದು. ಹೆಸರಿಲ್ಲದೆ ಕಚೇರಿಗೆ ಬರೆಯುವ ದೂರಾದ ಮೂಗರ್ಜಿಗೂ ಮೂಗಿಗೂ ಸಂಬಂಧವಿಲ್ಲ.

ಹೊಗಳಿಕೆಯ ಭಾಷೆ ಮೂಗನ್ನು ಹೂವಿಗೆ ಹೋಲಿಸುತ್ತದೆ. ಸಂಪಿಗೆಯ ಮೂಗು ಎಂಬುದು ಕವಿಗಳಿಂದ ಹಿಡಿದು ಹೆಣ್ಣು ನೋಡಲು ಹೋಗಿಬಂದ ಸೋದರತ್ತೆಯರವರೆಗೆ ಎಲ್ಲರೂ ಹೇಳುವ ಮಾತು. ಆದರೆ ಮನೆಯೊಳಗಿನ ನಿಜವಾದ ಮೂಗಿಗೆ ನಿಜವಾದ ಕೈಗಳು ಮುಟ್ಟುವಲ್ಲಿ ಕೇಳಿಬರುವುದು ಸೊಂಡ್ಲು. ಬಾಣಂತಿಯ ಮನೆಯಲ್ಲಿ ಮಗುವಿಗೆ ನೀರೆರೆಯುವ ಅಜ್ಜಿಯನ್ನು ನೋಡಿದವರಿಗೆ ಇದು ಗೊತ್ತು. ಕಾಲುಗಳನ್ನು ನೀಡಿಕೊಂಡು ಬಚ್ಚಲ ಮಣೆಯ ಮೇಲೆ ಕೂತು, ಮೊಣಕಾಲಿನಿಂದ ಕೆಳಗೆ ಮಗುವನ್ನು ಮಲಗಿಸಿಕೊಂಡು, ಬೆಚ್ಚಗಿನ ಹರಳೆಣ್ಣೆ ಸವರಿದ ಹೆಬ್ಬೆರಳು ತೋರುಬೆರಳಿನ ನಡುವೆ ಆ ಎಳೆಯ ಮೂಗನ್ನು ಹಿಡಿದು ಹುಬ್ಬುಗಳ ನಡುವಿನಿಂದ ತುದಿಯವರೆಗೆ ಅವಳು ನೀವುತ್ತಾಳೆ. ‘ನನ್ ಕಂದನ್ ಸೊಂಡ್ಲು ನೆಟ್ಗಾಗ್ಲಿ, ಅವ್ರಪ್ಪನ್ ಹಂಗೆ ಚಟ್ಟೆ ಆಗ್ದೆ ಇರ್ಲಿ’ ಎಂದು ರಾಗವಾಗಿ ಹೇಳುತ್ತಾಳೆ. ಬೆರಳಿನಿಂದ ನೀವಿದ ಮಾತ್ರಕ್ಕೆ ಮೂಗಿನ ಆಕಾರ ಬದಲಾಗುವುದಿಲ್ಲವೆಂದು ಮಕ್ಕಳ ವೈದ್ಯರು ಹೇಳುತ್ತಾರೆ. ಹೊಳ್ಳೆಯೊಳಗೆ ಎಣ್ಣೆ ಬಿಡುವುದಂತೂ ಅಪಾಯ, ಅದು ಶ್ವಾಸಕೋಶಕ್ಕೆ ಇಳಿದರೆ ಮಗುವಿಗೆ ತೊಂದರೆಯಾಗುತ್ತದೆ. ಆ ಪದ್ಧತಿ ನಿಲ್ಲಬೇಕಾದದ್ದೇ. ಆದರೆ ಆ ಅಜ್ಜಿಯ ಬಾಯಲ್ಲಿ ಸೊಂಡ್ಲು ಎಂಬುದು ಎಷ್ಟು ಮುದ್ದಿನ ಪದವಾಗಿತ್ತೆಂಬುದನ್ನು ಕೇಳಿದವರು ಅದನ್ನು ಬೈಗುಳವೆಂದು ಒಪ್ಪಲಾರರು.

ಬೈಗುಳವಾಗುವುದೂ ಉಂಟು. ನಮ್ಮ ತರಗತಿಯಲ್ಲಿ ಉದ್ದ ಮೂಗಿನ ಹುಡುಗಿಯೊ­ಬ್ಬಳಿದ್ದಳು. ಜೊತೆಯ ಹುಡುಗಿಯರು ಸೊಂಡ್ಲು ಎಂದು ಕರೆದಾಗ ಅವಳೂ ತಿರುಗಿಸಿ ಒಂದು ಹೆಸರು ಹೇಳಿ ನಗುತ್ತಿದ್ದಳು. ಒಂದು ದಿನ ಹಾಜರಿ ಕೂಗುವಾಗ ಪಾಠ ಹೇಳುವವರೇ ಅವಳನ್ನು ಆ ಹೆಸರಿನಿಂದ ಕರೆದರು. ಇಡೀ ತರಗತಿ ನಕ್ಕಿತು. ಅಂದಿನಿಂದ ಅವಳು ಮಾತನಾಡುವಾಗ ಅಂಗೈಯನ್ನು ಮುಖಕ್ಕೆ ಅಡ್ಡ ಹಿಡಿಯುವುದನ್ನು ಕಲಿತಳು. ಪದ ಬದಲಾಗಿರಲಿಲ್ಲ. ತಿರುಗಿಸಿ ಹೇಳಲು ಬರುವವರ ನಡುವೆ ಅದು ಆಟವಾಗಿತ್ತು, ಯಾರಿಗೆ ತಿರುಗಿಸಿ ಹೇಳಲಾಗದೋ ಅವರ ಬಾಯಿಂದ ಬಂದಾಗ ಪೆಟ್ಟಾಯಿತು. ಅಡ್ಡಹೆಸರುಗಳನ್ನೆಲ್ಲ ಒಂದೇ ಸಲ ಅವಮಾನವೆಂದು ನಿಷೇಧಿಸುವವರ ಮಾತನ್ನೂ, ಇದೆಲ್ಲ ಹಳ್ಳಿಯ ಸಹಜ ತಮಾಷೆ ಎಂದು ತಳ್ಳಿಹಾಕುವವರ ಮಾತನ್ನೂ ನಾನು ಒಪ್ಪದಿರುವುದು ಈ ಕಾರಣದಿಂದ. ಯಾರು ಯಾರಿಗೆ ಹೇಳಿದರು ಎಂಬುದು ಪದದ ಅರ್ಥದಲ್ಲೇ ಸೇರಿದೆ. ನಿಘಂಟಿನಲ್ಲಿ ಅದನ್ನು ಬರೆಯಲು ಜಾಗವಿಲ್ಲ, ಅಷ್ಟೆ.

ಸೊಂಡಿಲಿನ ಆಕಾರ ನಮ್ಮ ಶಿಲ್ಪಿಗಳ ಕಣ್ಣನ್ನೂ ಬಿಟ್ಟಿಲ್ಲ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಾಪಿಸಿದ ಬೇಲೂರಿನ ಚೆನ್ನಕೇಶವ ದೇಗುಲದ ಬುಡದಲ್ಲಿ ಆನೆಗಳ ಸಾಲು ಸುತ್ತಲೂ ನಡೆದುಹೋಗುತ್ತದೆ; ಹಳೇಬೀಡಿನಲ್ಲೂ ಹಾಗೆಯೇ. ಅಲ್ಲಿಯ ಮಕರವೆಂಬ ಕಲ್ಪನೆಯ ಪ್ರಾಣಿಗೆ ಮೊಸಳೆಯ ಬಾಯಿ, ನವಿಲಿನ ಬಾಲ, ಜೊತೆಗೆ ಆನೆಯ ಸೊಂಡಿಲು. ಬಳಪದ ಕಲ್ಲಿನ ಆ ವಿಗ್ರಹಗಳಲ್ಲಿ ಮುಕ್ಕಾಗಿರುವುದು ಹೆಚ್ಚಾಗಿ ದೇವದೇವಿಯರ ಮೂಗು ಮತ್ತು ಆನೆಗಳ ಸೊಂಡಿಲು. ಮುಂದಕ್ಕೆ ಚಾಚಿದ್ದು ಮೊದಲು ಪೆಟ್ಟು ತಿನ್ನುತ್ತದೆ. ಊರಿನ ಹಿರಿಯರು ಗುಡಿಯ ಪ್ರದಕ್ಷಿಣೆ ಬರುವಾಗ ಎರಡಕ್ಕೂ ಬೇರೆ ಬೇರೆ ಪದ ಹುಡುಕದೆ ‘ಸೊಂಡ್ಲು ಮುಕ್ಕಾಗದೆ’ ಎಂದೇ ತೋರಿಸುತ್ತ ಹೋಗುವುದನ್ನು ಕೇಳಿದ್ದೇನೆ.

ಈಚೆಗೆ ಈ ಪದ ಯಂತ್ರಗಳಿಗೂ ಹತ್ತಿದೆ. ರಸ್ತೆ ಅಗೆಯಲು ಬಂದ ಜೆಸಿಬಿಯ ತೋಳು ಮಕ್ಕಳ ಮಾತಿನಲ್ಲಿ ಸೊಂಡಿಲು. ಕೆರೆಯ ನೀರೆತ್ತುವ ಪಂಪಿನ ದಪ್ಪ ಪೈಪೂ ಸೊಂಡಿಲೇ. ಇಂಗ್ಲಿಷಿನಲ್ಲಿ ಇದು ಮೊದಲೇ ನಡೆದಿತ್ತು: ಪೈಪಿನ ತುದಿಗೆ ಹಾಕುವ ‘ನಾಜಲ್’ ಎಂಬ ಸಾಮಾನಿನ ಹೆಸರು ಹುಟ್ಟಿದ್ದು ಮೂಗಿಗಿರುವ ‘ನೋಸ್’ ಎಂಬ ಪದದಿಂದ, ಪುಟ್ಟ ಮೂಗು ಎಂಬುದೇ ಅದರ ಅರ್ಥ, ಮತ್ತು ಹದಿನೆಂಟನೆಯ ಶತಮಾನದಲ್ಲಿ ಅದೇ ಪದ ಮನುಷ್ಯನ ಮೂಗಿಗೆ ಅಡ್ಡಹೆಸರೂ ಆಯಿತು. ಮಳೆಗಾಲ ಶುರುವಾಗುವ ಮೊದಲು ಕಾಫಿಗೂ ಮೆಣಸಿನ ಬಳ್ಳಿಗೂ ಬೋರ್ಡೋ ಹೊಡೆಯುವಾಗ, ಮೈಲುತುತ್ತ ಸುಣ್ಣಗಳ ಮಿಶ್ರಣವನ್ನು ಸರಿಯಾಗಿ ಸೋಸದಿದ್ದರೆ ಸುಣ್ಣದ ಕಲ್ಲು ಆ ನಾಜಲ್ಲಿಗೆ ಸಿಕ್ಕಿಕೊಂಡು ಸಿಂಪರಣೆ ನಿಂತುಹೋಗುತ್ತದೆ. ಆಗ ಇಳಿಜಾರಿನ ಮೇಲಿರುವ ಆಳು ಡ್ರಮ್ಮಿನ ಹತ್ತಿರ ನಿಂತವನಿಗೆ ಕೇಳಿಸುವಂತೆ ‘ಸೊಂಡ್ಲು ಕಟ್ಕಂಡದೆ, ಮಿಷನ್ ನಿಲ್ಸು’ ಎಂದು ಕೂಗುತ್ತಾನೆ, ಮತ್ತು ತುದಿಯನ್ನು ಬಿಚ್ಚಿ, ಅಂಗೈಗೆ ಎರಡು ಸಲ ಬಡಿದು, ತೂತಿಗೆ ಸಣ್ಣ ತಂತಿ ಹಾಕಿ ಚುಚ್ಚುತ್ತಾನೆ.